ಕಾಲು ಮೇಲಿಟ್ಟ ಕ್ಲಾಸು

ಹೋದ ವಾರ ಬನಶಂಕರಿಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋಗಿದ್ದೆ. ನಮ್ಮ ಮನೆಯ ಕಾರಿಗೆ ಹಾಸುವ ರಬ್ಬರ್ ಮ್ಯಾಟ್ ಬೇಕಿತ್ತು. ಒಂದೇ ಒಂದು, ಮುಂದಿನ ಎಡಗಡೆ ಸೀಟಿನದು. ಅಂಗಡಿಯವನು ನಾನು ಕೊಂಡೊಯ್ದಿದ್ದ ಹಳೆಯ ಮ್ಯಾಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಬಲಗಾಲಿನ ಹಿಮ್ಮಡಿ ಬೀಳುವ ಜಾಗದಲ್ಲಿ ಎಂಟಾಣೆಯಗಲದ ತೂತಿತ್ತು.

"ಡ್ರೈವರ್ ಸೈಡ್ ಸವೆಯೋದು ನೋಡಿದೀನಿ ಮೇಡಂ. ಈ ಸೈಡಲ್ಲಿ ಕೂತ್ಕೊಳ್ಳೋರು ಏನ್ ಮಾಡ್ತಾರೆ?"

"ಬ್ರೇಕ್ ಹಾಕ್ತಾರೆ," ಎಂದೆ.

"ಈ ಸೈಡಲ್ಲಿ ಬ್ರೇಕ್ ಎಲ್ಲಿರತ್ತೆ ಮೇಡಂ?"

"ಇರಲ್ಲ."

ನಗಬೇಕೋ ಬೇಡವೋ ತಿಳಿಯದೆ ಅವನು ಒಳಗೆ ಹೋಗಿ ಹೊಸ ಮ್ಯಾಟ್ ತಂದು ಬಿಚ್ಚಿದ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಹಗಲೆಲ್ಲ ಕಾರಿನಲ್ಲೇ ಕೂರುವವಳಾದರೂ ನನಗೆ ಆ ವಾಸನೆ ಕಾರನ್ನು ನೆನಪಿಸುವುದಿಲ್ಲ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ, ಜಯನಗರದ ಒಂದು ಮಹಡಿ ಕೋಣೆಯ ನೆಲಕ್ಕೆ ಹಾಸಿದ್ದ ಮ್ಯಾಟನ್ನು ನೆನಪಿಸುತ್ತದೆ. ನಾನು ತಿಂಗಳುಗಟ್ಟಲೆ ಬಾಯಿ ಬಿಡದೆ ಇಟ್ಟುಕೊಂಡಿದ್ದ ಮಾತನ್ನು ನನ್ನ ಕಾಲು, ನನ್ನನ್ನು ಒಂದು ಮಾತೂ ಕೇಳದೆ, ಆ ಮ್ಯಾಟಿನ ಮೇಲೆ ಹೇಳಿಬಿಟ್ಟಿತ್ತು.

ನಾನು ಕಾರು ಕಲಿಸುವವಳು. ಜೆ.ಪಿ. ನಗರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಆಗಲೇ ಹನ್ನೊಂದು ವರ್ಷವಾಗಿತ್ತು. ಓನರ್ ಗುರುಮೂರ್ತಿ, ಮೂರು ಕಾರು. ಹೆಂಗಸರೆಲ್ಲ ನನ್ನ ಪಾಲು. ಸ್ಕೂಲಿನ ಕಾರುಗಳಲ್ಲಿ ಕಲಿಸುವವರು ಕೂರುವ ಎಡಗಡೆಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಪ್ಪು ಮಾಡಿದರೆ ನಮ್ಮ ಕಾಲು ಅದನ್ನು ಒತ್ತಬೇಕು. ಹಾಗಾಗಿ ನಮ್ಮ ಬಲಗಾಲಿಗೆ ಬಿಡುವೆಂಬುದಿಲ್ಲ. ಬಾಯಿ ತಮಾಷೆ ಮಾಡುತ್ತಿರುತ್ತದೆ, ಕಾಲು ಕಾಯುತ್ತಿರುತ್ತದೆ.

ನನ್ನದೊಂದು ಪದ್ಧತಿಯಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಮಾಡಿಕೊಂಡದ್ದು. ಕಲಿಯಲು ಬರುವವರಿಗೆ ಹನ್ನೆರಡನೆಯ ಕ್ಲಾಸಿನ ಹೊತ್ತಿಗೆ ಕೈ ಕೂತಿರುತ್ತದೆ, ಆದರೆ ಧೈರ್ಯ ಬಂದಿರುವುದಿಲ್ಲ. ಹೇಗಿದ್ದರೂ ಮೇಡಂ ಬ್ರೇಕ್ ಹಾಕುತ್ತಾರೆ ಎನ್ನುವುದು ತಲೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಬಿಡಿಸಲು ಆ ದಿನ ನಾನು ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆ. "ನೋಡಿ, ಕಾಲು ಮೇಲೆ. ಇನ್ನು ಗಾಡಿ ನಿಮ್ದು," ಎನ್ನುತ್ತಿದ್ದೆ. ಕಲಿಯುವ ಹೆಂಗಸರಲ್ಲಿ ಒಬ್ಬರಿಂದೊಬ್ಬರಿಗೆ ಇದು ಹರಡಿತ್ತು, ಗುರುಮೂರ್ತಿಗೆ ಮಾತ್ರ ಗೊತ್ತಿರಲಿಲ್ಲ. "ಮೇಡಂ, ನಂದು ಯಾವಾಗ ಕಾಲು ಮೇಲೆ?" ಎಂದು ಐದನೇ ಕ್ಲಾಸಿಗೇ ಕೇಳುವವರಿದ್ದರು. ಆ ದಿನ ಸಿಹಿ ಮಾಡಿಕೊಂಡು ಬರುವವರೂ ಇದ್ದರು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಎಡವಟ್ಟಾಗಿರಲಿಲ್ಲ. ಜಂಬ ಇತ್ತು ನನಗೆ, ಸುಳ್ಳೇಕೆ ಹೇಳಲಿ.

ಜಯಮ್ಮ ಬಿಳೇಕಹಳ್ಳಿಯವರು. ಊರು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ಅವರು ಸೊಸೆಯಾಗಿ ಬಂದಾಗ ರಾಗಿ ಕುಯ್ದ ಜಾಗದಲ್ಲಿ ಈಗ ಮೂರು ಬಾಡಿಗೆ ಕಟ್ಟಡ. ಐವತ್ತೇಳು ವಯಸ್ಸು, ಗಂಡ ಇಲ್ಲ. "ಮನೇಲಿ ಕಾರೈತೆ ಮೇಡಂ. ಟೈಮಿಲ್ಲ ಅನ್ನೋ ಎರಡು ಗಂಡುಮಕ್ಳೂ ಅವ್ರೆ. ಮಡಿವಾಳ ಮಾರ್ಕೆಟ್‌ಗೆ ಹೋಗ್ಬೇಕಂದ್ರೆ ಆಟೋದವನಿಗೆ ಕೈ ಮುಗೀಬೇಕು," ಎಂದು ಮೊದಲ ದಿನವೇ ಹೇಳಿದ್ದರು. ಅವರ ಆಸೆ ಅಷ್ಟೇ, ಯಾರನ್ನೂ ಕೇಳದೆ ತಾವೇ ಹೋಗಿ ಹೂವು ತರಕಾರಿ ತರುವುದು. ನಿಧಾನವಾಗಿ ಕಲಿತರು, ಆದರೆ ಕಲಿತದ್ದನ್ನು ಮರೆಯುತ್ತಿರಲಿಲ್ಲ.

ಮೇ ತಿಂಗಳ ಕೊನೆ, ಬೆಳಿಗ್ಗೆ ಏಳಕ್ಕೆ ಅವರ ಹನ್ನೆರಡನೆಯ ಕ್ಲಾಸು. ಡಬ್ಬಿಯಲ್ಲಿ ಒಬ್ಬಟ್ಟು ತಂದಿದ್ದರು. ಹಿಂದಿನ ದಿನ ಮಳೆ ಬಿದ್ದು ರಸ್ತೆ ತುಂಬ ಹೂವು, ಎಲೆ. ಅವರ ಮನೆ ಮುಂದಿನಿಂದ ಹೊರಟ ಕೂಡಲೇ ನಾನು ಕಾಲು ಮೇಲಿಟ್ಟೆ. ಜಯಮ್ಮ ಓರೆಗಣ್ಣಲ್ಲಿ ನೋಡಿ ನಕ್ಕರು. ಎರಡು ಕ್ರಾಸ್ ಚೆನ್ನಾಗಿಯೇ ಓಡಿಸಿದರು. ಮೂರನೆಯದರಲ್ಲಿ ಒಂದು ಸ್ಕೂಟರ್ ರಾಂಗ್ ಸೈಡಿನಿಂದ ನುಗ್ಗಿತು. ನಾನು "ಬ್ರೇಕ್!" ಎಂದು ಕೂಗಿದೆ. ಅವರು ಸ್ಟೇರಿಂಗ್ ತಿರುಗಿಸಿದರು, ಕಾಲು ಒತ್ತಿದರು, ಆದರೆ ಒತ್ತಿದ್ದು ಆಕ್ಸಿಲರೇಟರನ್ನು. ಕಾರು ಹಾರಿತು. ನನ್ನ ಬಲಗಾಲು ಎಡತೊಡೆಯ ಕೆಳಗೆ ಸಿಕ್ಕಿಕೊಂಡಿತ್ತು, ದುಪಟ್ಟಾ ಬೇರೆ ಸುತ್ತಿಕೊಂಡಿತ್ತು. ಎಳೆದೆ. ಅದು ಹೊರಗೆ ಬಂದು, ಪೆಡಲಿಗೆ ಇನ್ನೊಂದು ಗೇಣು ಇರುವಾಗ, ಎದುರಿನ ಕಾಂಪೌಂಡ್ ಗೋಡೆ ಬಂತು.

ಸ್ಕೂಟರಿನವನು ನಿಲ್ಲದೆ ಹೋದ. ಗೋಡೆ ಬಿತ್ತು. ಜಯಮ್ಮನ ಬಲಗೈ ಮಣಿಕಟ್ಟು ಮುರಿಯಿತು. ನನಗೆ ಒಂದು ಗೀರೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಜಯಮ್ಮ ಎಲ್ಲರಿಗೂ ಒಂದೇ ಮಾತು ಹೇಳಿದರು, "ನಂದೇ ತಪ್ಪು, ಅದನ್ನ ತುಳಿಯೋ ಬದ್ಲು ಇದನ್ನ ತುಳಿದ್ಬಿಟ್ಟೆ." ದೊಡ್ಡ ಮಗ ಮಂಜುನಾಥ ನನ್ನ ಮುಂದೆ ಕೈ ಮುಗಿದು, "ನೀವು ಬ್ರೇಕ್ ಹಾಕಿದ್ದಕ್ಕೆ ಇಷ್ಟಕ್ಕೇ ಹೋಯ್ತು ಮೇಡಂ. ಇಲ್ದಿದ್ರೆ ನಮ್ಮಮ್ಮ ಉಳೀತಿರ್ಲಿಲ್ಲ," ಎಂದ. ಆ ಕ್ಷಣ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು, "ಕೈ ಹುಷಾರಾಗಿ ನೋಡ್ಕೊಳ್ಳಿ." ಅಷ್ಟೇ. ಗುರುಮೂರ್ತಿಯಂತೂ ಅದನ್ನು ಜಾಹೀರಾತು ಮಾಡಿಕೊಂಡರು. ಹೊಸದಾಗಿ ಸೇರಲು ಬಂದವರಿಗೆಲ್ಲ, "ನಮ್ಮ ಮೇಡಂ ಬ್ರೇಕ್ ಮೇಲಿಂದ ಕಾಲು ತೆಗೆಯಲ್ಲ ಸಾರ್, ಮೊನ್ನೆ ಒಂದು ಜೀವ ಉಳಿಸಿದ್ರು," ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿದರೆ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಜೂನ್ ಎರಡನೇ ವಾರ ಕಾಲಿನ ಕಾಟ ಶುರುವಾಯಿತು. ಮೊದಲು ಮನೆಯಲ್ಲಿ, ತರಕಾರಿ ಹೆಚ್ಚುತ್ತ ಕೂತಿದ್ದಾಗ ಬಲಗಾಲು ತಾನಾಗಿ ಮುಂದಕ್ಕೆ ಒದೆಯಿತು. ಆಮೇಲೆ ನಡುಕ. ಮಂಡಿಯನ್ನು ಒತ್ತಿ ಹಿಡಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ. ನನ್ನ ಗಂಡ ಸುರೇಶ ಬೆಳಿಗ್ಗೆ ಕಾಫಿ ಕುಡಿಯುತ್ತ, "ನಿದ್ದೇಲೂ ನನ್ನನ್ನ ಒದ್ದು ಬ್ರೇಕ್ ಹಾಕ್ತೀಯಲ್ಲೇ, ನಾನೇನು ಅಷ್ಟು ಸ್ಪೀಡಾಗಿ ಹೋಗ್ತಿದ್ನಾ?" ಎಂದು ರೇಗಿಸಿದರು. ಇಬ್ಬರೂ ನಕ್ಕೆವು. ಅದಾದ ಮೇಲೆ ಒಂದು ದಿನ ಜೆ.ಪಿ. ನಗರದ ಖಾಲಿ ರಸ್ತೆಯಲ್ಲಿ, ಎದುರಿಗೆ ಒಂದು ಕಾಗೆಯೂ ಇಲ್ಲದಿದ್ದಾಗ, ನನ್ನ ಕಾಲು ಬ್ರೇಕನ್ನು ದಢಾರನೆ ಒತ್ತಿತು. ಓಡಿಸುತ್ತಿದ್ದ ಹುಡುಗಿ ಹೆದರಿ ಅತ್ತಳು. ವಾರದಲ್ಲಿ ಮೂರು ಸಲ ಹಾಗಾಯಿತು. ಗುರುಮೂರ್ತಿ ನನ್ನನ್ನು ಕಾರಿನಿಂದ ಇಳಿಸಿ ಟೇಬಲ್ ಮುಂದೆ ಕೂರಿಸಿದರು. ಲೈಸೆನ್ಸ್ ಅರ್ಜಿ ತುಂಬುವ ಕೆಲಸ. ಹೊರಗೆ ಮಳೆ ಹೊಯ್ಯುತ್ತಿತ್ತು, ಟೇಬಲ್ ಕೆಳಗೆ ಕಾಲು ಕುಣಿಯುತ್ತಿತ್ತು, ನಾನು ಯಾರಯಾರದೋ ರಕ್ತದ ಗುಂಪು ಬರೆಯುತ್ತಿದ್ದೆ.

ನರದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿದರು. ನರ ಸರಿಯಿದೆ, ತಲೆ ಸರಿಯಿದೆ. ಕೊನೆಗೆ, "ಆಕ್ಸಿಡೆಂಟ್ ಏನಾದ್ರೂ ಆಗಿತ್ತಾ?" ಎಂದು ಕೇಳಿ, ಒಂದು ಚೀಟಿ ಬರೆದುಕೊಟ್ಟರು. ಮನಸ್ಸಿಗಾದ ಪೆಟ್ಟನ್ನು ಮೈಯ ಮೂಲಕ ನೋಡುವವರು ಒಬ್ಬರಿದ್ದಾರೆ, ಹೋಗಿ ಬನ್ನಿ ಎಂದರು.

ಹಾಗೆ ಸಿಕ್ಕವರು ಅನ್ನಪೂರ್ಣ. ಬಾಗಲಕೋಟೆ ಕಡೆಯವರು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ, ಮೊದಲು ಫಿಸಿಯೋಥೆರಪಿ ಮಾಡುತ್ತಿದ್ದವರು. ಜಯನಗರದಲ್ಲಿ ಪುಸ್ತಕ ಪೆನ್ನಿನ ಅಂಗಡಿಯೊಂದರ ಮೇಲೆ ಅವರ ಕೋಣೆ. ಎರಡು ಕುರ್ಚಿ, ನಾಲ್ಕು ದಿಂಬು, ನೆಲಕ್ಕೆ ಕರಿಯ ಮ್ಯಾಟು. ಮಳೆಗೆ ಕಿಟಕಿ ಮುಚ್ಚಿದ್ದರಿಂದ ಕೋಣೆಯೆಲ್ಲ ರಬ್ಬರ್ ವಾಸನೆ.

"ಕಾಲು ನಡುಗಿದಾಗ ಏನ್ ಮಾಡ್ತೀರಿ?" ಎಂದು ಕೇಳಿದರು.

"ಒತ್ತಿ ಹಿಡ್ಕೊಳ್ತೀನಿ."

"ಇಲ್ಲಿ ಹಿಡೀಬ್ಯಾಡ್ರಿ. ಅದು ಎಲ್ಲಿಗೆ ಹೋಗ್ತದ, ಇಬ್ರೂ ಕೂತು ನೋಡೋಣು."

"ನಾನು ಅದನ್ನ ನಿಲ್ಲಿಸೋಕೆ ಬಂದಿರೋದು ಮೇಡಂ, ನೋಡೋಕಲ್ಲ."

ಅವರು ಬೇಸರ ಮಾಡಿಕೊಳ್ಳಲಿಲ್ಲ. "ನೀವು ಕಲಿಸೋ ಮುಂದ, ಹೆದರಿದವರ ಕೈಯಾಗಿನ ಸ್ಟೇರಿಂಗ್ ಕಸ್ಕೊಂಡು ನೀವೇ ಓಡಸ್ತೀರೇನು?"

"ಇಲ್ಲ. ಪಕ್ಕದಲ್ಲಿ ಕೂತಿರ್ತೀನಿ."

"ನಾನೂ ಹಂಗ ಕೂಡ್ತೀನ್ರಿ."

ಮಾತಿನಲ್ಲಿ ನನ್ನನ್ನು ಕಟ್ಟಿಹಾಕುವವರು ಕಡಿಮೆ. ಸರಿ, ಇನ್ನೊಂದು ಸಲ ಬರೋಣ ಎಂದುಕೊಂಡೆ.

ಬುಧವಾರ, ಶನಿವಾರ, ಮಧ್ಯಾಹ್ನ ನಾಲ್ಕಕ್ಕೆ ಹೋಗುತ್ತಿದ್ದೆ. ಮೊದಲ ವಾರ ಏನೂ ಆಗಲಿಲ್ಲ. ನೆಲ ಕಾಲಿಗೆ ತಾಗಿದ್ದು ಗೊತ್ತಾಗುತ್ತಿದೆಯೇ, ಬೆನ್ನಿಗೆ ದಿಂಬು ಸಿಕ್ಕಿದೆಯೇ, ಇಂಥವನ್ನು ಕೇಳುತ್ತಿದ್ದರು. ಇದಕ್ಕೆ ಜೆ.ಪಿ. ನಗರದಿಂದ ಮಳೆಯಲ್ಲಿ ನೆಂದುಕೊಂಡು ಬರಬೇಕಿತ್ತೇ ಎನ್ನಿಸುತ್ತಿತ್ತು. ಎರಡನೆಯ ವಾರ ಕಾಲು ನಡುಗಲು ಶುರುವಾದಾಗ ನಾನು ಹಿಡಿಯಲಿಲ್ಲ. ನಡುಕ ಮಂಡಿಗೆ ಬಂತು, ಸೊಂಟಕ್ಕೆ ಬಂತು, ಹೊಟ್ಟೆಗೆ, ಭುಜಕ್ಕೆ. ಹಲ್ಲು ಕಟಕಟ ಎಂದವು. ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

"ಇದು ಫಿಟ್ಸಾ?" ಎಂದೆ.

"ಅಲ್ರಿ. ನೀವು ಎಚ್ಚರದಾಗ ಇದ್ದೀರಿ, ನನ್ನ ಜೋಡಿ ಮಾತಾಡ್ಲಿಕತ್ತೀರಿ. ಸಾಕು ಅನ್ನಿಸಿದ್ರ ಕಣ್ಣು ತೆರೆದು ಕಿಟಕಿ ನೋಡ್ರಿ, ಇಳೀತದ."

ಕಿಟಕಿ ನೋಡಿದೆ. ಎದುರು ಮನೆಯ ಬಾಲ್ಕನಿಯಲ್ಲಿ ಒಣಗದ ಬಟ್ಟೆ. ನಡುಕ ಇಳಿಯಿತು. ಬೇಕೆಂದಾಗ ಬಿಡಬಹುದು, ಬೇಡವೆಂದಾಗ ನಿಲ್ಲಿಸಬಹುದು ಎಂದು ಗೊತ್ತಾದ ಮೇಲೆ ನನಗೆ ಆ ಕೋಣೆಯ ಭಯ ಹೋಯಿತು. ರಸ್ತೆಯಲ್ಲಿ ಗಾಡಿಗೆ ಸಿಕ್ಕಿಬೀಳುವುದರಲ್ಲಿದ್ದ ನಾಯಿ ಫುಟ್‌ಪಾತ್ ಹತ್ತಿ ಒಮ್ಮೆ ಮೈಯೆಲ್ಲ ಒದರಿಕೊಂಡು ತನ್ನ ಪಾಡಿಗೆ ಹೋಗುವುದನ್ನು ಕಾರಿನಲ್ಲಿ ಕೂತು ಎಷ್ಟೋ ಸಲ ನೋಡಿದ್ದೇನೆ. ನಾನು ಆ ದಿನ ಒದರಿಕೊಳ್ಳಲಿಲ್ಲ. ಆಸ್ಪತ್ರೆಯ ಫಾರಂ ತುಂಬಲು ಓಡಿದ್ದೆ.

ಆಗಸ್ಟಿನ ಒಂದು ಶನಿವಾರ ಅನ್ನಪೂರ್ಣ ಆ ಬೆಳಿಗ್ಗೆಯ ವಿಷಯ ಕೇಳಿದರು. ಸ್ಕೂಟರ್ ಬಂತಲ್ಲ, ಆಗ ನೀವು ಹೇಗೆ ಕೂತಿದ್ದಿರಿ? ನಾನು ಮ್ಯಾಟಿನ ಮೇಲೆ ಗೋಡೆಗೆ ಒರಗಿ, ಎರಡೂ ಕಾಲು ಚಾಚಿ ಕೂತಿದ್ದೆ. ಎಲ್ಲರ ಬಾಯಲ್ಲೂ ಕೇಳಿ ರೂಢಿಯಾಗಿದ್ದ ಮಾತನ್ನೇ ಹೇಳಿದೆ. "ಕಾಲು ಬ್ರೇಕ್ ಮೇಲೇ ಇತ್ತು."

ಹೇಳುತ್ತಿದ್ದಂತೆ ಬಲಗಾಲು ಮ್ಯಾಟಿನ ಮೇಲೆ ಕಿರ್ರೆನ್ನುತ್ತ ಹಿಂದಕ್ಕೆ ಸರಿಯಿತು. ಮಂಡಿ ಮಡಚಿತು. ಪಾದ ನಿಧಾನವಾಗಿ ಬಂದು ಎಡತೊಡೆಯ ಕೆಳಗೆ ಸೇರಿಕೊಂಡಿತು. ಆಣೆ ಮಾಡಿ ಹೇಳುತ್ತೇನೆ, ಅದನ್ನು ಅಲ್ಲಿಟ್ಟವಳು ನಾನಲ್ಲ. ನಾನು ಅದನ್ನೇ ನೋಡಿದೆ. ಅನ್ನಪೂರ್ಣ ಕೂಡ ನೋಡಿದರು. ಅವರ ಮುಖದಲ್ಲಿ ಸಿಕ್ಕಿಬಿದ್ದಿರಿ ಎನ್ನುವ ಭಾವ ಇರಲಿಲ್ಲ.

"ಈಗ ಕಾಲು ಎಲ್ಲದರಿ?"

"ಮೇಲೆ," ಎಂದೆ. "ಕಾಲು ಮೇಲಿತ್ತು. ನಾನು ಬ್ರೇಕ್ ಹಾಕ್ಲೇ ಇಲ್ಲ."

ಅವರು ಆಯಿತು ಎಂದು ತಲೆಯಾಡಿಸಿ ಒಂದು ದಪ್ಪ ದಿಂಬು ತಂದು ನನ್ನೆದುರು ಕೂತು ಎರಡೂ ಕೈಯಲ್ಲಿ ಹಿಡಿದರು. "ಆ ಕಾಲಿಗೆ ಏನ್ ಮಾಡೂದಿತ್ತು, ಅದನ್ನ ಮಾಡ್ಲಿ. ಅವಸರ ಇಲ್ಲ. ಅವತ್ತು ಒಂದ್ ಸೆಕೆಂಡ್ ಸಿಕ್ಕಿತ್ತು, ಇವತ್ತು ಹತ್ತು ನಿಮಿಷ ತಗೋರಿ."

ಕಾಲು ನಡುಗುತ್ತ ತೊಡೆಯ ಕೆಳಗಿನಿಂದ ಹೊರಬಂತು. ಪೆಡಲಿಗೆ ಒಂದು ಗೇಣು ಇದ್ದ ಆ ಜಾಗದಲ್ಲಿ ನಿಂತುಬಿಟ್ಟಿತು. ಅಲ್ಲಿ ಬಹಳ ಹೊತ್ತು ನಿಂತಿತ್ತು, ತೊಡೆಯ ಮಾಂಸ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಬೆರಳುಗಳು ಮುಂದೆ ಬಂದು ದಿಂಬಿಗೆ ತಾಗಿದವು, ಹಿಮ್ಮಡಿ ನೆಲಕ್ಕೆ ಊರಿತು, ಇಡೀ ಕಾಲು ಒತ್ತಿತು. ಅನ್ನಪೂರ್ಣ ಬಿಡಲಿಲ್ಲ, ಎದುರು ಒತ್ತಿ ಹಿಡಿದರು. ಒತ್ತಿದೆ, ಒತ್ತಿದೆ, ಸೊಂಟದವರೆಗೆ ಬಿಸಿ ಹತ್ತಿತು. "ಬ್ರೇಕ್" ಎಂದು ಗಂಟಲಿನಿಂದ ಒಂದು ಕೂಗು ಬಂತು. ಗೋಡೆ ಬರಲಿಲ್ಲ. ಕಾಲು ಮೆತ್ತಗಾಯಿತು. ನಾನು ಮಗುವಿನ ಹಾಗೆ ಅತ್ತೆ.

ಇಳಿದು ಬಂದವಳು ಪಕ್ಕದ ದರ್ಶಿನಿಯಲ್ಲಿ ಎರಡು ಮಸಾಲೆ ದೋಸೆ ತಿಂದೆ. ಅಂಥ ಹಸಿವು. ಕಾಲು ಒಂಬತ್ತು ದಿನ ಸುಮ್ಮನಿತ್ತು. ಹತ್ತನೆಯ ದಿನ ಗುರುಮೂರ್ತಿ ಯಾರೋ ಹೊಸಬರಿಗೆ, "ನಮ್ಮ ಮೇಡಂ ಬ್ರೇಕ್ ಮೇಲಿಂದ ಕಾಲು ತೆಗೆಯಲ್ಲ" ಎಂದರು. ಟೇಬಲ್ ಕೆಳಗೆ ನಡುಕ ಶುರುವಾಯಿತು. ಆ ಸಲ ಅದಕ್ಕೆ ಏನು ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬುಧವಾರ ಅನ್ನಪೂರ್ಣರಿಗೆ ಹೇಳಿದಾಗ ಅವರು ದಿಂಬಿನ ಕಡೆ ಕೈ ಚಾಚಲಿಲ್ಲ. "ಇದಕ್ಕ ದಿಂಬು ಸಾಕಾಗೂದಿಲ್ಲ ಅನಸ್ತದ," ಎಂದರು.

ಗೊತ್ತಿದ್ದೂ ಮುಂದೂಡಿದೆ. ಗೌರಿ ಹಬ್ಬ ಮುಗಿಯಲಿ, ಗಣೇಶನನ್ನು ಬಿಡಲಿ, ಪಿತೃಪಕ್ಷದಲ್ಲಿ ಬೇಡ. ಕೆಲಸ ಹೋದೀತು ಎನ್ನುವ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಹನ್ನೊಂದು ವರ್ಷ ಗಳಿಸಿದ ಹೆಸರನ್ನು ನಾನೇ ಕೈಯಾರೆ ಕೆಡವಬೇಕಿತ್ತು. ಕೊನೆಗೆ ವಿಜಯದಶಮಿಯ ಮಧ್ಯಾಹ್ನ ಬಿಳೇಕಹಳ್ಳಿಗೆ ಹೋದೆ. ಹಿಂದಿನ ದಿನ ಆಯುಧಪೂಜೆ ಆಗಿತ್ತು. ಜಯಮ್ಮನ ಮನೆ ಮುಂದೆ ಒಡೆದ ಬೂದುಗುಂಬಳ, ಕಾರಿಗೆ ಚೆಂಡುಹೂವಿನ ಹಾರ. ಚಕ್ರದ ಸುತ್ತ ಮಳೆಯಲ್ಲಿ ಬೆಳೆದ ಹುಲ್ಲು. ಪೂಜೆಗೂ ಅದನ್ನು ಅಲ್ಲಾಡಿಸಿರಲಿಲ್ಲ.

ಜಯಮ್ಮ ಜಗುಲಿಯಲ್ಲಿ ಹೂವು ಕಟ್ಟುತ್ತಿದ್ದರು. ಕೈ ಕೂಡಿಕೊಂಡಿತ್ತು. ನನ್ನನ್ನು ಕಂಡು ಎದ್ದು, "ಬನ್ನಿ ಮೇಡಂ, ನಿಮ್ಮನ್ನ ನೋಡೋಕೂ ಮುಖ ಇಲ್ಲ ನಂಗೆ," ಎಂದರು.

ನನಗೆ ಅರ್ಥವಾಗಲಿಲ್ಲ. "ಯಾಕೆ?"

"ಮಕ್ಳು ಹೇಳ್ತಾವಲ್ಲ. ಮೇಡಂ ಬ್ರೇಕ್ ಹಾಕಿದ್ರೂ ನಿಲ್ದಂಗೆ ತುಳಿದ್ಯಲ್ಲಮ್ಮ, ಅದೆಂಥಾ ಕಾಲು ನಿಂದು ಅಂತ. ನಿಮ್ ಬ್ರೇಕನ್ನೂ ಮೀರಿ ಹೋಯ್ತು ಅಂದ್ರೆ, ನನ್ ಕಾಲು ನನ್ ಮಾತು ಕೇಳಲ್ಲ ಅಂತಾನೇ ಅಲ್ವಾ? ಆ ಕಾರು ಮುಟ್ಟಕ್ಕೇ ಭಯ ನಂಗೆ."

ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಸುಳ್ಳಿನಿಂದ ನನಗೆ ಏನಾಯಿತು ಎಂದು ಇಡೀ ಮಳೆಗಾಲ ಲೆಕ್ಕ ಹಾಕಿದ್ದೆ. ಅದು ಇಲ್ಲಿ ಈ ಜಗುಲಿಯಲ್ಲಿ ಕೂತು ಏನು ಮಾಡುತ್ತಿತ್ತೆಂದು ಒಂದು ದಿನವೂ ಯೋಚಿಸಿರಲಿಲ್ಲ. ನಿಂತೇ ಹೇಳಿದೆ.

"ಜಯಮ್ಮ, ನಾನು ಬ್ರೇಕ್ ಹಾಕಿರ್ಲಿಲ್ಲ. ಕಾಲು ಮೇಲಿತ್ತಲ್ಲ, ಇಳಿಸೋಕಾಗ್ಲಿಲ್ಲ. ನಿಮ್ಮ ಕಾಲು ಯಾವ ಬ್ರೇಕನ್ನೂ ಮೀರಿಲ್ಲ. ಬ್ರೇಕೇ ಬಿದ್ದಿರ್ಲಿಲ್ಲ."

ಅವರು ಹೂವು ಕಟ್ಟುವುದನ್ನು ನಿಲ್ಲಿಸಿದರು.

"ಕಾಲು ಮೇಲಿಟ್ಟಿದ್ದು ನೋಡಿದ್ದೆ," ಎಂದರು ನಿಧಾನವಾಗಿ. "ಇಳಿಸಿರ್ತೀರಿ ಅನ್ಕೊಂಡಿದ್ದೆ. ಎಲ್ಲಾರೂ ಅಂಗೇ ಅಂದ್ರು. ನೀವೂ ಸುಮ್ಕಿದ್ರಿ."

"ಸುಮ್ನಿದ್ದೆ. ತಪ್ಪಾಯ್ತು."

"ಐದು ತಿಂಗ್ಳು ಮೇಡಂ." ಅವರ ಕಣ್ಣು ಕೆಂಪಾಗಿದ್ದವು. "ಐದು ತಿಂಗ್ಳು ನನ್ ಕಾಲನ್ನ ನಾನೇ ಬೈಕೊಂಡಿವ್ನಿ. ಈಗ ಹೋಗಿ ನೀವು."

ಹೋದೆ. ಮಾರನೆಯ ದಿನ ಗುರುಮೂರ್ತಿಗೂ ಹೇಳಿದೆ. ಅವರು ಕೂಗಾಡಿದರು. ನ್ಯಾಯವಾಗಿಯೇ ಕೂಗಾಡಿದರು. ಮಂಜುನಾಥ ಸ್ಕೂಲಿಗೆ ಬಂದು, ಎಲ್ಲರ ಮುಂದೆ ನನ್ನನ್ನು ಬೈದು ಹೋದ. ನಾನು ಇನ್ನೂ ಎರಡು ತಿಂಗಳು ಟೇಬಲ್ ಮುಂದೆಯೇ ಕೂತೆ. ಟೇಬಲ್ ಕೆಳಗೆ ಕಾಲು ಮಾತ್ರ ಸುಮ್ಮನಿತ್ತು.

ವಿಜಯದಶಮಿ ಕಳೆದು ಎಂಟು ದಿನಕ್ಕೆ ಜಯಮ್ಮನ ಫೋನ್ ಬಂತು. ಹಲೋ ಇಲ್ಲ, ಚೆನ್ನಾಗಿದ್ದೀರಾ ಇಲ್ಲ.

"ನಾಳೆ ಬೆಳಿಗ್ಗೆ ಆರೂವರೆಗೆ ಬನ್ನಿ. ನಮ್ ಕಾರಲ್ಲೇ. ಕಾಲು ಕೆಳಗಿರ್ಲಿ."

"ನಿಮ್ಮ ಕಾರಲ್ಲಿ ನನ್ನ ಕಡೆ ಬ್ರೇಕ್ ಇಲ್ಲ ಜಯಮ್ಮ."

"ಗೊತ್ತು. ಆದ್ರೂ ಕೆಳಗಿರ್ಲಿ."

ಹೋದಾಗ ಅವರು ಚಕ್ರದ ಸುತ್ತಲಿನ ಹುಲ್ಲು ಕಿತ್ತು ಹಾಕಿ, ಒಣಗಿದ ಹಾರ ತೆಗೆದು, ಒಳಗೆ ಕೂತಾಗಿತ್ತು. ನಾನು ಎಡಗಡೆ ಕೂತು ಎರಡೂ ಪಾದವನ್ನು ರಬ್ಬರ್ ಮ್ಯಾಟಿನ ಮೇಲೆ ಊರಿದೆ. ಮೊದಲ ಗೇರಿನಲ್ಲೇ ಎರಡು ಕ್ರಾಸ್ ದಾಟಿದರು. ಮೂರನೆಯದು ಬಂತು. ಗೋಡೆ ಹೊಸದಾಗಿ ಕಟ್ಟಿ ಸುಣ್ಣ ಹೊಡೆದಿದ್ದರು. ಎಡಗಡೆಯಿಂದ ಹಾಲಿನ ಆಟೋ ಒಂದು ತಿರುಗಿತು. ನಾನು ಕೂಗಲಿಲ್ಲ. ನನ್ನ ಕಾಲು ಬರಿಯ ಮ್ಯಾಟನ್ನು ಬಲವಾಗಿ ಒತ್ತಿತು. ಕಾರು ನಿಂತಿತು, ಮೆತ್ತಗೆ, ಆಟೋಗೆ ಇನ್ನೂ ಎರಡು ಮಾರು ಇರುವಾಗಲೇ. ನಿಲ್ಲಿಸಿದ್ದು ಜಯಮ್ಮ.

ಅವರು ಉಸಿರು ಬಿಟ್ಟು ಬಗ್ಗಿ ನನ್ನ ಕಾಲು ನೋಡಿದರು.

"ನಡುಗ್ತೈತಲ್ಲ ಮೇಡಂ."

"ನಡುಗ್ಲಿ ಬಿಡಿ," ಎಂದೆ. "ನೀವು ಗೇರ್ ಹಾಕಿ."